ಶಿಕ್ಷೆಯೂ ದೇಹದಂಡನೆಯೂ: ಕ್ರೈಸ್ತ ಮತದ ಒಂದು ವಿಚಾರ

೧

ಶಿಕ್ಷೆಯೆಂಬ ಶಬ್ದವನ್ನು ನಾವು ಪಾಠಶಾಲೆಯಲ್ಲಿ ಮೊದಲು ಕೇಳಿದ್ದು ವೇದದ ಆರು ಅಂಗಗಳಲ್ಲಿ ಒಂದರ ಹೆಸರಾಗಿ. ವರ್ಣಗಳನ್ನು ಶುದ್ಧವಾಗಿ ಉಚ್ಚರಿಸುವ ಬಗೆಯನ್ನು ಕಲಿಸುವ ಶಾಸ್ತ್ರಕ್ಕೆ ಶಿಕ್ಷಾ ಎಂದು ಹೆಸರು. ಆ ಧಾತುವಿಗೆ ವಿದ್ಯೆಯನ್ನು ಸಂಪಾದಿಸುವದೆಂಬದೇ ಅರ್ಥ. ಆದರೆ ಅದೇ ಪಾಠಶಾಲೆಯಲ್ಲಿ ಉಚ್ಚಾರವು ತಪ್ಪಿದಾಗ ಅಂಗೈಯ ಮೇಲೆ ಬೀಳುತ್ತಿದ್ದ ಬೆತ್ತದ ಏಟಿಗೂ ಕನ್ನಡದಲ್ಲಿ ಶಿಕ್ಷೆಯೆಂದೇ ಹೆಸರು. ಶಾಸ್ ಎಂಬ ಧಾತುವಿನ ಸಂಗತಿಯೂ ಹೀಗೆಯೇ. ಶಾಸ್ತ್ರವೂ ಶಿಷ್ಯನೂ ಹುಟ್ಟಿದ ಮೂಲದಿಂದಲೇ ನಮ್ಮ ಜನರ ಬಾಯಲ್ಲಿರುವ ‘ಶಾಸ್ತಿ’ಯೂ ಹುಟ್ಟಿದೆ. ಕಲಿಸುವದೂ ದಂಡಿಸುವದೂ ಒಂದೇ ಮಾತಿನಲ್ಲಿ ಅಡಗಿರುವ ಈ ವೈಚಿತ್ರ್ಯವು ನಮ್ಮ ಭಾಷೆಗೆ ಮಾತ್ರ ಸೇರಿದ್ದೆಂದು ನಾನು ಬಹುಕಾಲ ತಿಳಿದಿದ್ದೆನು. ಕ್ರೈಸ್ತರ ಸತ್ಯವೇದವನ್ನು ಓದಲಾರಂಭಿಸಿದ ಮೇಲೆ, ಹೀಬ್ರೂ ಭಾಷೆಯ ‘ಮೂಸಾರ್’ ಎಂಬ ಶಬ್ದಕ್ಕೂ ಗ್ರೀಕರ ‘ಪೈದೇಯ’ ಎಂಬ ಶಬ್ದಕ್ಕೂ ಇದೇ ಎರಡು ಅರ್ಥಗಳಿರುವವೆಂದು ತಿಳಿದುಬಂದಿತು.

ನಾನು ಆ ಗ್ರಂಥವನ್ನು ಕೈಗೆತ್ತಿಕೊಂಡ ಕಾರಣವನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. ವಾಡಿಯಲ್ಲಿ ನನಗೆ ಬಹುಕಾಲದ ಮಿತ್ರರೊಬ್ಬರಿರುವರು. ರೈಲ್ವೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು, ಮತದಿಂದ ಕ್ರೈಸ್ತರು. ಕುಡಿತಕ್ಕೆ ಬಿದ್ದ ಮಗನನ್ನು ಅವರು ಒಂದು ರಾತ್ರಿ ಕಠಿಣವಾಗಿ ಬೈದು ಮನೆಯಿಂದ ಹೊರಗೆ ಹಾಕಿದರು. ಮಗನು ಪರಸ್ಥಳಕ್ಕೆ ಹೋದನು. ಕೆಲವು ತಿಂಗಳ ಮೇಲೆ ಅಲ್ಲಿಯೇ ರೋಗದಿಂದ ತೀರಿಕೊಂಡನು. ಅಂದಿನಿಂದ ನನ್ನ ಮಿತ್ರರು ಮಂಚವನ್ನು ಬಿಟ್ಟು, ಮಾರ್ಗಶಿರದ ಚಳಿಯಲ್ಲಿಯೂ ಮನೆಯ ಬರಿಯ ಫರಸಿಯ ಮೇಲೆ ಮಲಗತೊಡಗಿದರು. ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದರು. ನಾನು ನೋಡಲು ಹೋದಾಗ, “ಇದು ದೇವರು ಕೊಟ್ಟ ಶಿಕ್ಷೆ, ಮಾಸ್ತರರೇ” ಎಂದರು. ಅಲ್ಲಿಯೇ ಕುಳಿತಿದ್ದ ಅವರ ಸಭೆಯ ಪಾದ್ರಿಗಳು, ವಯಸ್ಸಿನಲ್ಲಿ ಚಿಕ್ಕವರು, ಮೆಲ್ಲನೆ ಕೇಳಿದರು: “ಅಣ್ಣನವರೇ, ನೆಲದ ಮೇಲೆ ಮಲಗಿರೆಂದು ನಿಮಗೆ ಹೇಳಿದವರು ಯಾರು? ದೇವರೋ, ನೀವೋ?”

ನನ್ನ ಮಿತ್ರರು ಉತ್ತರ ಕೊಡಲಿಲ್ಲ. ಆ ಪ್ರಶ್ನೆಯು ನನ್ನೊಡನೆ ಮನೆಗೆ ಬಂದಿತು. ಮನುಷ್ಯನು ತನ್ನ ಮೇಲೆ ತಾನೇ ತಂದುಕೊಂಡ ದುಃಖಕ್ಕೂ ದೇವರು ಕೊಡುವ ಶಿಕ್ಷೆಗೂ ಭೇದವೇನು? ಈ ವಿಷಯದಲ್ಲಿ ಕ್ರೈಸ್ತರು ಎರಡು ಸಾವಿರ ವರ್ಷಗಳಿಂದ ಏನೇನು ಯೋಚಿಸಿರುವರು, ಎಲ್ಲೆಲ್ಲಿ ಎಡವಿರುವರು ಎಂಬದನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶವು.

೨

ಸಂಸ್ಕೃತವನ್ನು ಓದಿದವನಿಗೆ ಪರಮತದ ವಿಚಾರವೇಕೆಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ನಮ್ಮ ಚಿತ್ತಾಪುರ ತಾಲೂಕಿನಲ್ಲಿಯೇ ಇರುವದು. ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ, ೧೯೮೦ರ ದಶಕದಲ್ಲಿ ಅಶೋಕನ ಶಾಸನಗಳುಳ್ಳ ಶಿಲೆಯೊಂದು ದೊರೆಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿ ಅದು ಬಹುಕಾಲ ಅಡಗಿದ್ದಿತು. ಅದರಲ್ಲಿರುವ ಹನ್ನೆರಡನೆಯ ಶಾಸನವು, ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರಪಂಥವನ್ನು ಹಳಿಯುವವನು ತನ್ನದಕ್ಕೇ ಹಾನಿ ಮಾಡಿಕೊಳ್ಳುವನೆಂದೂ, ಒಬ್ಬರ ಧರ್ಮವನ್ನು ಮತ್ತೊಬ್ಬರು ಕೇಳಬೇಕೆಂದೂ ಬೋಧಿಸುತ್ತದೆ. ಅದೇ ಶಿಲೆಯ ಬೇರೆ ಶಾಸನವೊಂದರಲ್ಲಿ ರಾಜನು ಪ್ರಜೆಗಳೆಲ್ಲರನ್ನೂ ತನ್ನ ಮಕ್ಕಳೆಂದು ಕರೆದು, ಕಾರಣವಿಲ್ಲದೆ ಯಾರನ್ನೂ ಬಂಧಿಸಿ ಹಿಂಸಿಸಕೂಡದೆಂದು ಅಧಿಕಾರಿಗಳನ್ನು ಎಚ್ಚರಿಸಿರುವನು. ತಂದೆ, ಮಕ್ಕಳು, ದಂಡನೆ: ಮುಂದೆ ಹೇಳಲಿರುವ ಕ್ರೈಸ್ತ ವಿಚಾರವು ಈ ಮೂರು ಮಾತುಗಳ ಸುತ್ತಲೇ ಬೆಳೆದದ್ದಾಗಿದೆ.

ತನ್ನ ದೇಹವನ್ನು ತಾನೇ ನೋಯಿಸಿಕೊಂಡು ದೈವವನ್ನು ಒಲಿಸುವ ಕ್ರಮವೂ ನಮ್ಮ ನೆಲಕ್ಕೆ ಹೊಸದಲ್ಲ. ಸೇಡಂ ತಾಲೂಕಿನ ಕಾಗಿಣಾ ತೀರದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವೆಂಬದು ಸರ್ವರಿಗೂ ತಿಳಿದ ಸಂಗತಿಯು. ಅಲ್ಲಿ ಆಳಿದ ಅಮೋಘವರ್ಷನು ಪ್ರಜೆಗಳಿಗೆ ಬಂದ ಉತ್ಪಾತವನ್ನು ನೀಗಿಸಲು ತನ್ನ ಎಡಗೈಯ ಬೆರಳೊಂದನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಕ್ರಿ. ಶ. ೮೭೧ರ ಸಂಜಾನದ ತಾಮ್ರಪಟದಲ್ಲಿ ಹೇಳಲ್ಪಟ್ಟಿದೆ. ನಮ್ಮ ಹಳ್ಳಿಗಳ ಓಣಿಯಲ್ಲಿ ಪೋತರಾಜನು ಚಾವಟಿಯಿಂದ ತನ್ನ ಮೈಯನ್ನು ತಾನೇ ಹೊಡೆದುಕೊಳ್ಳುವದನ್ನು ನೋಡದೆ ಬೆಳೆದವರು ವಿರಳ. ಇದರೊಡನೆಯೇ ಇದನ್ನು ಪ್ರಶ್ನಿಸಿದ ಪರಂಪರೆಯೂ ನಮ್ಮಲ್ಲಿರುವದು. ಶರೀರವನ್ನು ಸೊರಗಿಸುವ ಘೋರತಪಸ್ಸನ್ನು ಗೀತೆಯ ಹದಿನೇಳನೆಯ ಅಧ್ಯಾಯವು ತಾಮಸವೆಂದು ನಿಂದಿಸಿದೆ. ಬುದ್ಧನು ಅದನ್ನು ಆಚರಿಸಿ, ನಿಷ್ಫಲವೆಂದು ಕಂಡು, ತ್ಯಜಿಸಿದನು. ಕಲ್ಯಾಣದ ಶರಣರೂ ದೇಹದಂಡನೆಯನ್ನು ಒಪ್ಪಲಿಲ್ಲ. ಆದುದರಿಂದ ಈ ಚರ್ಚೆಯಲ್ಲಿ ನಾವು ಪರಕೀಯರಾಗಿ ಕುಳಿತಿರಬೇಕಾದ ಕಾರಣವಿಲ್ಲ.

೩

ಇನ್ನು ಪ್ರಕೃತಕ್ಕೆ ಬರೋಣ. ಸತ್ಯವೇದವನ್ನು ಶ್ರದ್ಧೆಯಿಂದ ಓದಿದರೆ, ಮನುಷ್ಯನ ದುಃಖವನ್ನು ಅದು ಒಂದೇ ಚೀಲದಲ್ಲಿ ತುಂಬುವದಿಲ್ಲವೆಂಬದು ಸ್ಪಷ್ಟವಾಗುತ್ತದೆ.

ಮೊದಲನೆಯದು, ತನ್ನ ತಪ್ಪಿನಿಂದ ತಾನೇ ತಂದುಕೊಂಡ ದುಃಖ. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಯೇಸು ಹೇಳಿದ ದೃಷ್ಟಾಂತವು ಪ್ರಸಿದ್ಧವಾಗಿರುವದು. ಕಿರಿಯ ಮಗನು ತಂದೆಯಿಂದ ತನ್ನ ಪಾಲನ್ನು ತೆಗೆದುಕೊಂಡು ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳುಮಾಡಿ, ಕೊನೆಗೆ ಹಂದಿ ಕಾಯುವ ಸ್ಥಿತಿಗೆ ಬರುತ್ತಾನೆ. ಅವನ ಹಸಿವೆಯನ್ನು ದೇವರು ಮೇಲಿನಿಂದ ಕಳುಹಿಸಲಿಲ್ಲ. ಬರವೊಂದು ಬಂದದ್ದು ನಿಜವಾದರೂ, ಕೈ ಬರಿದಾದದ್ದು ಅವನ ನಡತೆಯಿಂದಲೇ. ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಮಗನು ಮನೆಗೆ ತಿರುಗಿ ಬರುವಾಗ ತನಗೆ ತಾನೇ ಒಂದು ತೀರ್ಪನ್ನು ಬರೆದುಕೊಂಡು ಬರುತ್ತಾನೆ: ಇನ್ನು ಮೇಲೆ ಮಗನೆನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇರುವೆನೆಂದು. ತಂದೆಯು ಆ ಮಾತನ್ನು ಪೂರ್ತಿ ಆಡಗೊಡುವದಿಲ್ಲ. ತಪ್ಪೊಪ್ಪಿಗೆಯನ್ನು ಕೇಳುತ್ತಾನೆ; ಮಗನು ವಿಧಿಸಿಕೊಂಡ ದಂಡನೆಯನ್ನು ಮಾತ್ರ ಸ್ವೀಕರಿಸುವದಿಲ್ಲ.

ಎರಡನೆಯದು, ಯಾವ ತಪ್ಪಿಗೂ ಸಂಬಂಧವಿಲ್ಲದ ದುಃಖ. ಯೋಬನ ಗ್ರಂಥವು ಪೂರ್ತಿಯಾಗಿ ಇದರ ಮೇಲೆಯೇ ರಚಿತವಾಗಿದೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನಿಗೆ ಅವನ ಮಿತ್ರರು, ನೀನು ಗುಪ್ತವಾಗಿ ಪಾಪ ಮಾಡಿರಲೇಬೇಕು, ಇದು ದೇವರ ಶಿಕ್ಷೆಯೆಂದು ಅಧ್ಯಾಯದ ಮೇಲೆ ಅಧ್ಯಾಯ ಉಪದೇಶಿಸುತ್ತಾರೆ. ಗ್ರಂಥದ ಅಂತ್ಯದಲ್ಲಿ ದೇವರ ಕೋಪವು ಯೋಬನ ಮೇಲಲ್ಲ, ಆ ಉಪದೇಶಕರ ಮೇಲೆ ಬೀಳುತ್ತದೆ. ಯೇಸುವೂ ಇದನ್ನೇ ಎರಡು ಸಲ ಹೇಳಿದನು. ಸಿಲೋವದ ಗೋಪುರವು ಬಿದ್ದು ಹದಿನೆಂಟು ಜನರು ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದನು. ಹುಟ್ಟುಕುರುಡನನ್ನು ತೋರಿಸಿ, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲವೆಂದನು. ಕರ್ಮಸಿದ್ಧಾಂತದಲ್ಲಿ ಬೆಳೆದ ನಮಗೆ ಈ ಮಾತು ಮೊದಲು ಅಪರಿಚಿತವೆನಿಸಿದರೂ, ಅದರ ಹಿಂದಿನ ಕರುಣೆಯು ಅಪರಿಚಿತವಲ್ಲ.

ಮೂರನೆಯದೇ ದೈವಶಿಕ್ಷೆಯು. ಜ್ಞಾನೋಕ್ತಿಗಳ ಮೂರನೆಯ ಅಧ್ಯಾಯದಲ್ಲಿಯೂ, ಅದನ್ನೇ ಸ್ಮರಿಸುವ ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿಯೂ ದೇವರು ಮಗನನ್ನು ತಿದ್ದುವ ತಂದೆಗೆ ಹೋಲಿಸಲ್ಪಟ್ಟಿರುವನು. ಪತ್ರಿಕೆಯು ಯಾರಿಗೆ ಬರೆಯಲ್ಪಟ್ಟಿತೆಂಬದನ್ನು ಮರೆಯಕೂಡದು. ಅವರು ಪಾಪಿಷ್ಠರೆಂದು ದಂಡನೆ ಹೊಂದಿದವರಲ್ಲ. ವಿಶ್ವಾಸಕ್ಕಾಗಿ ಅವಮಾನವನ್ನೂ ಆಸ್ತಿನಾಶವನ್ನೂ ಅನುಭವಿಸಿದವರು. ಹೊರಗಿನಿಂದ ಬಂದ ಆ ಕಷ್ಟವೂ ವ್ಯರ್ಥವಾಗದೆ ನಿಮ್ಮನ್ನು ರೂಪಿಸಬಹುದು, ದೇವರು ನಿಮ್ಮನ್ನು ಮಕ್ಕಳಾಗಿಯೇ ಕಾಣುತ್ತಿರುವನೆಂದು ಲೇಖಕನು ಧೈರ್ಯ ಹೇಳುತ್ತಾನೆ. ಲೋಕದ ತಂದೆಗಳು ತಮಗೆ ಸರಿತೋರಿದಂತೆ ಶಿಕ್ಷಿಸುವರೆಂಬ ಮಾತನ್ನೂ ಅವನು ಸೇರಿಸಿರುವನು. ಅಂದರೆ ಅವರು ತಪ್ಪಲೂ ಬಹುದು. ಇದನ್ನು ಓದಿದಾಗ ಬೆತ್ತ ಹಿಡಿದಿದ್ದ ನನ್ನ ಕೈಯು ನೆನಪಿಗೆ ಬಾರದೆ ಇರಲಿಲ್ಲ. ಆ ಸಂಗತಿಯನ್ನು ಕೊನೆಯಲ್ಲಿ ಹೇಳುವೆನು.

ಹೀಗಿರಲು, ಮನುಷ್ಯನು ತನ್ನನ್ನು ತಾನೇ ಹಿಂಸಿಸಿಕೊಳ್ಳುವದಕ್ಕೆ ಸ್ಥಾನವೆಲ್ಲಿ? ಹಳೆಯ ಒಡಂಬಡಿಕೆಯ ಧರ್ಮಶಾಸ್ತ್ರವು ಸತ್ತವರಿಗಾಗಿ ಮೈಯನ್ನು ಕೊಯ್ದುಕೊಳ್ಳುವದನ್ನು ನಿಷೇಧಿಸಿದೆ. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪೂಜಾರಿಗಳು ಕತ್ತಿಗಳಿಂದ ತಮ್ಮನ್ನು ಗಾಯಗೊಳಿಸಿಕೊಂಡರೂ ಉತ್ತರ ಬರಲಿಲ್ಲವೆಂಬ ಕಥೆಯು ರಾಜರುಗಳ ಗ್ರಂಥದಲ್ಲಿರುವದು. ಯೆಶಾಯನು, ತಲೆಬಾಗಿಸಿ ಗೋಣಿತಟ್ಟನ್ನು ಹಾಸಿಕೊಳ್ಳುವ ಉಪವಾಸಕ್ಕಿಂತ ದಬ್ಬಾಳಿಕೆಯ ಕಟ್ಟುಗಳನ್ನು ಬಿಚ್ಚಿ ಹಸಿದವನಿಗೆ ಅನ್ನವಿಕ್ಕುವದೇ ದೇವರಿಗೆ ಪ್ರಿಯವಾದ ಉಪವಾಸವೆಂದು ಸಾರಿದನು. ಪೌಲನು ಓಟಗಾರನಂತೆ ತನ್ನ ದೇಹವನ್ನು ಅಂಕೆಯಲ್ಲಿಟ್ಟುಕೊಳ್ಳುವೆನೆಂದು ಹೇಳಿದನಾದರೂ, ದೇಹಕ್ಕೆ ಕಾಠಿಣ್ಯವನ್ನು ತೋರಿಸುವ ಆಚಾರಗಳಲ್ಲಿ ವಿವೇಕದ ತೋರಿಕೆ ಮಾತ್ರ ಇರುವದೆಂದು ಕೊಲೊಸ್ಸೆಯವರಿಗೆ ಬರೆದನು. ಕೊರಿಂಥದವರಿಗೆ ಬರೆಯುವಾಗ, ತನ್ನನ್ನು ತಾನೇ ವಿಚಾರಿಸಿಕೊಳ್ಳಬೇಕೆಂದು ವಿಧಿಸಿದನು. ಆತ್ಮಪರೀಕ್ಷೆಯು ಮನುಷ್ಯನ ಕರ್ತವ್ಯವು; ತೀರ್ಪು ಅವನದಲ್ಲ. ಕ್ರಿಸ್ತನನ್ನು ಅರಿಯೆನೆಂದ ಪೇತ್ರನೂ ಹಿಡಿದುಕೊಟ್ಟ ಯೂದನೂ ಇಬ್ಬರೂ ಮರುಗಿದರು. ಯೂದನು ತನಗೆ ತಾನೇ ನ್ಯಾಯಾಧಿಪತಿಯಾಗಿ ಪ್ರಾಣವನ್ನು ಕಳೆದುಕೊಂಡನು; ಪೇತ್ರನು ಅತ್ತು, ಕಾದಿದ್ದು, ಮರಳಿ ಕರೆಯಲ್ಪಟ್ಟನು.

೪

ಗ್ರಂಥದಲ್ಲಿ ಇಷ್ಟು ಸ್ಪಷ್ಟವಾಗಿದ್ದರೂ ಇತಿಹಾಸದಲ್ಲಿ ಕ್ರೈಸ್ತ ಸಭೆಯು ಈ ಪಾಠವನ್ನು ಮರೆತು ಮರೆತು ಕಲಿಯಬೇಕಾಯಿತು. ಮೂರನೆಯ ಶತಮಾನದ ಮಹಾಪಂಡಿತನಾದ ಓರಿಗೆನನು ಯೌವನದಲ್ಲಿ ಸುವಾರ್ತೆಯ ಒಂದು ಮಾತನ್ನು ಅಕ್ಷರಶಃ ತಿಳಿದು ತನ್ನ ಪುರುಷತ್ವವನ್ನು ತಾನೇ ನಾಶಮಾಡಿಕೊಂಡನೆಂದು ಸಭೆಯ ಚರಿತ್ರಕಾರನಾದ ಯೂಸೇಬಿಯನು ಬರೆದಿರುವನು. ಕ್ರಿ. ಶ. ೩೨೫ರಲ್ಲಿ ನೈಸಿಯ ಪಟ್ಟಣದಲ್ಲಿ ಸೇರಿದ ಮಹಾಸಭೆಯ ಮೊದಲನೆಯ ನಿಯಮವೇ ಇದನ್ನು ಕುರಿತದ್ದು: ವೈದ್ಯರಿಂದಲೋ ಶತ್ರುಗಳಿಂದಲೋ ಅಂಗಹೀನನಾದವನು ಯಾಜಕನಾಗಿರಬಹುದು, ಆರೋಗ್ಯವಂತನಾಗಿದ್ದು ತನ್ನನ್ನು ತಾನೇ ಛೇದಿಸಿಕೊಂಡವನಿಗೆ ಆ ಪದವಿಯು ಸಲ್ಲದು. ಗಾಯವು ಒಂದೇ, ಭೇದವಿರುವದು ಅದನ್ನು ಮಾಡಿದ ಕೈಯಲ್ಲಿ.

ಐಗುಪ್ತ, ಸಿರಿಯಾ ದೇಶಗಳ ಮರುಭೂಮಿಯಲ್ಲಿ ತಪಸ್ವಿಗಳು ಹೆಚ್ಚಿದ ಕಾಲದಲ್ಲಿ ಸಿಮೆಯೋನನೆಂಬವನು ಕಂಬದ ತುದಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಿಂತು ೪೫೯ರಲ್ಲಿ ಮೃತನಾದನು. ಅವನ ತಪಸ್ಸು ಭಕ್ತಿಯೋ ಅಹಂಕಾರವೋ ಎಂದು ತಿಳಿಯಲು ಹಿರಿಯರು ಒಂದು ಉಪಾಯವನ್ನು ಮಾಡಿದರೆಂದು ಪ್ರಾಚೀನರು ಹೇಳುವರು. ಕೂಡಲೆ ಕೆಳಗಿಳಿಯಬೇಕೆಂದು ಅವನಿಗೆ ಅಪ್ಪಣೆ ಕಳುಹಿಸಿದರು. ಸಿಮೆಯೋನನು ತಡಮಾಡದೆ ಇಳಿಯಲು ಕಾಲಿಟ್ಟನು. ಆಗ ಅವರು, ಅಲ್ಲಿಯೇ ಇರಬಹುದೆಂದರು. ಇಳಿಯಲಾರೆನೆಂದಿದ್ದರೆ ಬಲಾತ್ಕಾರದಿಂದ ಇಳಿಸಬೇಕೆಂದಿದ್ದರಂತೆ. ಆರನೆಯ ಶತಮಾನದಲ್ಲಿ ಮಠಗಳಿಗೆ ನಿಯಮವನ್ನು ಬರೆದ ಬೆನೆಡಿಕ್ಟನು ಇದನ್ನೇ ಶಾಸನವಾಗಿ ಮಾಡಿದನು: ತಪಸ್ಸುಕಾಲದಲ್ಲಿ ಮಠವಾಸಿಯು ಹೆಚ್ಚಿನ ವ್ರತವನ್ನು ಕೈಕೊಳ್ಳುವದಾದರೆ ಹಿರಿಯರ ಅಪ್ಪಣೆ ಪಡೆದೇ ಮಾಡಬೇಕು, ಇಲ್ಲವಾದರೆ ಅದು ಪುಣ್ಯವಾಗದೆ ದರ್ಪವಾಗುವದು.

ಮುಂದೆ ವಿಪರೀತವು ಬೆಳೆಯಿತು. ಹನ್ನೊಂದನೆಯ ಶತಮಾನದಲ್ಲಿ ಪೀಟರ್ ಡೇಮಿಯನನು ಚಾವಟಿಯಿಂದ ಹೊಡೆದುಕೊಳ್ಳುವ ವ್ರತವನ್ನು ಮಠಗಳಲ್ಲಿ ಪ್ರಚಾರಕ್ಕೆ ತಂದನು. ಲ್ಯಾಟಿನ್ ಭಾಷೆಯಲ್ಲಿ ಕಲಿಕೆಯನ್ನು ಸೂಚಿಸುವ ‘ಡಿಸಿಪ್ಲಿನಾ’ ಎಂಬ ಶಬ್ದವು ಕಾಲಕ್ರಮದಲ್ಲಿ ಆ ಚಾವಟಿಗೇ ಹೆಸರಾಯಿತು. ಶಿಕ್ಷಾ ಎಂಬದು ಬೆತ್ತದ ಏಟಾದ ಹಾಗೆಯೇ! ೧೨೬೦ರಲ್ಲಿ ಇಟಲಿಯ ಪೆರೂಜಿಯದಲ್ಲಿ ಜನರು ಗುಂಪುಗುಂಪಾಗಿ ಹೊಡೆದುಕೊಳ್ಳುತ್ತ ಬೀದಿಗಿಳಿದರು. ೧೩೪೮-೪೯ರಲ್ಲಿ ಮಹಾಮಾರಿಯು ಐರೋಪ್ಯ ಜನರಲ್ಲಿ ಮೂರರಲ್ಲೊಂದು ಪಾಲಿಗೂ ಕಡಿಮೆಯಿಲ್ಲದಷ್ಟು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದಾಗ, ಇದು ದೈವಕೋಪವು, ನಾವೇ ನಮ್ಮನ್ನು ದಂಡಿಸಿಕೊಂಡರೆ ಶಾಂತವಾಗುವದೆಂದು ಭಾವಿಸಿ ಸಾವಿರಾರು ಜನರು ಊರಿಂದೂರಿಗೆ ನಡೆದರು. ಕ್ರಿಸ್ತನ ವಯಸ್ಸಿನ ವರ್ಷಗಳ ಸಂಖ್ಯೆಗೆ ಸರಿಯಾಗಿ ಮೂವತ್ತಮೂರೂವರೆ ದಿನ, ದಿನಕ್ಕೆರಡು ಸಲ, ಸಾರ್ವಜನಿಕವಾಗಿ ರಕ್ತ ಬರುವವರೆಗೆ ಹೊಡೆದುಕೊಳ್ಳುವದು ಅವರ ವ್ರತವಾಗಿದ್ದಿತು. ಅದು ಅಲ್ಲಿಗೆ ನಿಲ್ಲಲಿಲ್ಲ. ಈ ಮಾರಿಗೆ ಯೆಹೂದ್ಯರೇ ಕಾರಣರೆಂಬ ಸುಳ್ಳು ಹಬ್ಬಿ, ಅನೇಕ ಊರುಗಳಲ್ಲಿ ಅವರ ಕೊಲೆಯಾಯಿತು. ಈ ಗುಂಪುಗಳ ಉನ್ಮಾದವೂ ಆ ಬೆಂಕಿಗೆ ಎಣ್ಣೆಯಾಯಿತು. ತನ್ನ ಮೈಮೇಲೆ ಎತ್ತಿದ ಚಾವಟಿಯು ನೆರೆಯವನ ಮೈಮೇಲೆ ಬೀಳಲು ಬಹಳ ದಿನ ಬೇಕಾಗುವದಿಲ್ಲ. ೧೩೪೯ರ ಅಕ್ಟೋಬರ ತಿಂಗಳಲ್ಲಿ ಆರನೆಯ ಕ್ಲೆಮೆಂಟ್ ಪೋಪನು ಈ ಪಂಥವನ್ನು ಖಂಡಿಸಿ ನಿಷೇಧಿಸಿದನು.

ಇನ್ನೂರು ವರ್ಷಗಳೊಳಗಾಗಿ ಮತ್ತೊಬ್ಬನು ಇದೇ ದಾರಿಯಲ್ಲಿ ನಡೆದು ತಿರುಗಿಬಂದನು. ಮಾರ್ಟಿನ್ ಲೂಥರನು ೧೫೦೫ರಲ್ಲಿ ಎರ್‌ಫುರ್ಟಿನ ಮಠವನ್ನು ಸೇರಿ ಉಪವಾಸ, ಜಾಗರಣೆ, ಚಳಿಗಳಿಂದ ಶರೀರವನ್ನು ಬಳಲಿಸಿದನು. ಆದರೂ ಮನಸ್ಸಿಗೆ ಶಾಂತಿ ಸಿಗಲಿಲ್ಲ. ಎಷ್ಟು ಮಾಡಿದರೆ ಸಾಕೆಂಬದು ಯಾರಿಗೆ ಗೊತ್ತು? ಗ್ರೀಕ್ ಮೂಲದಲ್ಲಿ ‘ಮೆತಾನೋಯ’ ಎಂದಿರುವ ಶಬ್ದಕ್ಕೆ ಪ್ರಾಯಶ್ಚಿತ್ತ ಮಾಡುವದೆಂಬುದಕ್ಕಿಂತ ಮನಸ್ಸು ತಿರುಗುವದೆಂಬ ಅರ್ಥವೇ ಮುಖ್ಯವೆಂದು ಅವನು ಕಂಡುಕೊಂಡನು. ೧೫೧೭ರ ಅವನ ತೊಂಬತ್ತೈದು ಪ್ರತಿಜ್ಞೆಗಳು ಈ ವಿಚಾರದಿಂದಲೇ ಆರಂಭವಾಗುವವು. ಕನ್ನಡ ಕ್ರೈಸ್ತರು ಇದಕ್ಕೆ ‘ಮಾನಸಾಂತರ’ವೆಂಬ ಸೊಗಸಾದ ಶಬ್ದವನ್ನು ಬಳಸುವರು. ಇಂದಿಗೂ ರೋಮನ್ ಕ್ಯಾಥೊಲಿಕರು ತಪಸ್ಸುಕಾಲದ ಉಪವಾಸವನ್ನೂ ಪಾಪನಿವೇದನೆಯನ್ನೂ ಉಳಿಸಿಕೊಂಡಿರುವರು. ಪ್ರಾಟೆಸ್ಟಂಟರು ಕೃಪೆಯನ್ನೇ ಒತ್ತಿ ಹೇಳುವರು. ಆದರೆ ದೇಹವನ್ನು ನೋಯಿಸಿ ದೇವರ ಪ್ರೀತಿಯನ್ನು ಕೊಳ್ಳಲಾಗದೆಂಬದರಲ್ಲಿ ಎರಡು ಪಕ್ಷಗಳಿಗೂ ಏಕಾಭಿಪ್ರಾಯವಿರುವದು.

೫

ಈ ವಿಚಾರವು ಕನ್ನಡ ನಾಡಿಗೆ ಬಂದ ಬಗೆಯು ಸ್ವಾರಸ್ಯಕರವಾಗಿದೆ. ೧೬೦೬ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೋಬಿಲಿಯ ಮಾರ್ಗವನ್ನನುಸರಿಸಿ, ಅದೇ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸೂಟ್ ಪಾದ್ರಿಯು ಶ್ರೀರಂಗಪಟ್ಟಣಕ್ಕೆ ಬಂದು, ಸಂನ್ಯಾಸಿಯ ವೇಷವನ್ನು ತಳೆದು, ಕನ್ನಡವನ್ನು ಕಲಿತು ಗ್ರಂಥಗಳನ್ನು ಬರೆದನು. ಈ ಪಾದ್ರಿಗಳು ಮಾಂಸವನ್ನು ಬಿಟ್ಟು ಮಿತಾಹಾರಿಗಳಾಗಿ ಬಾಳಿದರು. ಈ ಕಾಠಿಣ್ಯವು ದೇವರನ್ನು ಒಲಿಸುವದಕ್ಕಾಗಿ ಅಲ್ಲ. ವಿರಕ್ತನಲ್ಲದವನ ಮಾತನ್ನು ಈ ದೇಶದಲ್ಲಿ ಯಾರೂ ಕೇಳುವದಿಲ್ಲವೆಂದು ಅವರು ಅರಿತಿದ್ದುದರಿಂದ, ಕೇಳುವವರ ಸಲುವಾಗಿ ಹೊತ್ತ ಭಾರವು. ಇಂಥ ಅನುಸರಣೆಯನ್ನು ಒಪ್ಪದ ಪಕ್ಷವು ರೋಮಿನಲ್ಲಿ ಬಲವಾಗಿ, ೧೭೦೪ರಲ್ಲಿ ಪುದುಚೇರಿಯಲ್ಲಿ ಪೋಪನ ಪ್ರತಿನಿಧಿಯಾದ ಟೂರ್ನನ್ ಹೊರಡಿಸಿದ ಆಜ್ಞೆಯಿಂದಲೂ ೧೭೪೪ರ ಪೋಪನ ನಿರ್ಣಯದಿಂದಲೂ ಅನೇಕ ದೇಶೀಯ ಆಚಾರಗಳು ನಿಷಿದ್ಧವಾದವು.

೧೮೧೦ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸನು ಸತ್ಯವೇದವನ್ನು ಕನ್ನಡಿಸುವ ಕಾರ್ಯವನ್ನು ಕೈಕೊಂಡನು. ೧೮೩೧ರ ಹೊತ್ತಿಗೆ ಸಂಪೂರ್ಣ ಗ್ರಂಥವು ಕನ್ನಡದಲ್ಲಿ ಮುದ್ರಿತವಾಗಿದ್ದಿತು. ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದರು. ಮೂಸಾರ್, ಪೈದೇಯ ಶಬ್ದಗಳಿಗೆ 'ದಂಡನೆ'ಯೆಂದು ಬರೆದಿದ್ದರೆ ತಂದೆಯು ಮರೆಯಾಗಿ ನ್ಯಾಯಾಧಿಪತಿಯು ಮಾತ್ರ ಉಳಿಯುತ್ತಿದ್ದನು. 'ಬೋಧನೆ'ಯೆಂದು ಬರೆದಿದ್ದರೆ ನೋವು ಮರೆಯಾಗುತ್ತಿದ್ದಿತು. ಕನ್ನಡ ಸತ್ಯವೇದದಲ್ಲಿ ಇಂದು ನಾವು ಓದುವ ‘ಶಿಕ್ಷೆ’ಯೆಂಬ ಶಬ್ದವು ಎರಡನ್ನೂ ಹಿಡಿದಿಟ್ಟಿದೆ. ಈ ಭಾಗ್ಯವು ಕನ್ನಡಕ್ಕೆ ಸಂಸ್ಕೃತದ ಋಣದಿಂದ ಬಂದದ್ದೆಂದು ಹೇಳಲು ನನಗೆ ಸಂಕೋಚವಿಲ್ಲ.

ಕಲಬುರ್ಗಿ ಸೀಮೆಯು ಆಗ ನಿಜಾಮರ ರಾಜ್ಯದಲ್ಲಿದ್ದಿತು. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುಹಳಿಯು ರಾಯಚೂರನ್ನು ಮುಟ್ಟಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ, ಚಿತ್ತಾಪುರ ಸೇಡಂಗಳ ಮೇಲಿಂದ, ಹಳಿಯು ತೆರೆಯಿತು. ಹಳಿಯೊಡನೆ ಉದ್ಯೋಗಕ್ಕಾಗಿ ಬಂದವರಲ್ಲಿ ಕ್ರೈಸ್ತರೂ ಇದ್ದರು. ಜಿಲ್ಲೆಯಲ್ಲಿ ಮೆಥೊಡಿಸ್ಟ್ ಸಭೆಗಳು ಬೆಳೆದವು. ೨೦೦೫ರಲ್ಲಿ ಕ್ಯಾಥೊಲಿಕರ ಕಲಬುರ್ಗಿ ಧರ್ಮಪ್ರಾಂತವು ಸ್ಥಾಪಿತವಾಯಿತು.

೬

ಇಷ್ಟು ಇತಿಹಾಸವನ್ನು ಓದಿದ ಮೇಲೆ ನನಗೆ ದೃಢವಾದ ಅಭಿಪ್ರಾಯವು ಇದು: ದೈವಶಿಕ್ಷೆಯೆಂಬ ಮಾತನ್ನು ದುಃಖಪಟ್ಟವನು ಹಿಂತಿರುಗಿ ನೋಡಿ ತನ್ನನ್ನು ಕುರಿತು ಹೇಳಬಹುದು. ಹೊರಗೆ ನಿಂತವನು ಅದನ್ನು ಮತ್ತೊಬ್ಬನಿಗೆ ಹೇಳಕೂಡದು. ಹಾಗೆಯೇ, ದೇವರು ಕೊಡದ ಶಿಕ್ಷೆಯನ್ನು ದೇವರ ಹೆಸರಿನಲ್ಲಿ ತನಗೆ ತಾನೇ ಕೊಟ್ಟುಕೊಳ್ಳಲೂ ಕೂಡದು.

೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನರು ಸತ್ತಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಮಹಾತ್ಮಾ ಗಾಂಧಿಯವರು ಹೇಳಿದರು. ರವೀಂದ್ರನಾಥ ಠಾಕೂರರು ಅಸ್ಪೃಶ್ಯತೆಯನ್ನು ಅಷ್ಟೇ ದ್ವೇಷಿಸುವವರಾಗಿದ್ದರೂ ಈ ಮಾತನ್ನು ಬಹಿರಂಗವಾಗಿ ವಿರೋಧಿಸಿದರು. ಗಾಂಧಿಯವರ ಉದ್ದೇಶವು ಉದಾತ್ತವಾದದ್ದು. ಆ ಪಾಪವು ತಮ್ಮದೂ ಹೌದೆಂದು ಅವರು ಭಾವಿಸಿದ್ದರು. ಆದರೆ ಮಣ್ಣಿನಡಿ ಸಿಕ್ಕಿದವರಲ್ಲಿ ಅಸ್ಪೃಶ್ಯರೆನ್ನಿಸಿಕೊಂಡವರೂ ಇದ್ದರಲ್ಲವೇ? ಸಿಲೋವದ ಗೋಪುರದ ಮಾತು ಇಲ್ಲಿಗೆ ನೇರವಾಗಿ ಅನ್ವಯಿಸುವದು. ೧೮೭೬-೭೮ರ ಘೋರಕ್ಷಾಮದ ವಿಷಯವೂ ಹೀಗೆಯೇ. ಮಳೆ ತಪ್ಪಿದ್ದು ಯಾರ ಅಪರಾಧವೂ ಅಲ್ಲ. ಆದರೆ ಜನರು ಹಸಿದಿದ್ದಾಗ ಧಾನ್ಯವು ರೈಲಿನ ಮೂಲಕ ಬಂದರುಗಳಿಗೆ ಹೋಗಿ ಹಡಗನ್ನೇರಿದ್ದು ಮನುಷ್ಯರ ನಿರ್ಣಯದಿಂದ. ಅದನ್ನು ದೈವಕೋಪವೆಂದರೆ ಹಡಗನ್ನು ತುಂಬಿದವರು ನಿರಪರಾಧಿಗಳಾಗಿಬಿಡುವರು. ಶಹಾಬಾದದ ಫರಸಿಯ ಗಣಿಯಲ್ಲಿ ಧೂಳು ಕುಡಿದು ಕೆಮ್ಮುವ ಕೂಲಿಯವನಿಗೆ ಅದು ಹಣೆಬರಹವೆಂದು ಹೇಳುವವರೂ ಯೋಬನ ಮಿತ್ರರ ಸಾಲಿನವರೇ.

ಈಗ ನನ್ನ ಬೆತ್ತದ ಸಂಗತಿ. ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದ ವರ್ಷಗಳಲ್ಲಿ, ಒಂದು ಹಳ್ಳಿಯ ಶಾಲೆಯಲ್ಲಿ, ದಿನವೂ ತಡವಾಗಿ ಬರುತ್ತಿದ್ದ ಹುಡುಗನೊಬ್ಬನನ್ನು ದಿನವೂ ಹೊಡೆಯುತ್ತಿದ್ದೆನು. ನಿನ್ನ ಒಳ್ಳೆಯದಕ್ಕೇ ಈ ಶಿಕ್ಷೆಯೆಂದು ಹೇಳುತ್ತಲೂ ಇದ್ದೆನು. ಬೆಳಗಿನ ಜಾವದಲ್ಲಿ ಅವನು ತಂದೆಯೊಡನೆ ಗಣಿಯಲ್ಲಿ ಲಾರಿಗೆ ಕಲ್ಲು ತುಂಬಿ ಬರುತ್ತಿದ್ದನೆಂಬದು ನನಗೆ ತಿಳಿದದ್ದು ಅವನು ಶಾಲೆಯನ್ನು ಬಿಟ್ಟ ಮೇಲೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯ್ದೆಯು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವದನ್ನು ನಿಷೇಧಿಸಿದಾಗ ನಮ್ಮಲ್ಲಿ ಕೆಲವರು, ಇನ್ನು ಶಿಕ್ಷೆಯಿಲ್ಲದೆ ಶಿಕ್ಷಣವೆಲ್ಲಿಯದೆಂದು ಗೊಣಗಿದರು. ನಾನು ಸುಮ್ಮನಿದ್ದೆನು.

ಪಾದ್ರಿಗಳ ಪ್ರಶ್ನೆಯನ್ನು ಕೇಳಿ ಬಂದ ಮೇಲೆ, ಆ ಪಾಪಕ್ಕಾಗಿ ನಾನೂ ಒಂದು ವ್ರತವನ್ನು ಹಿಡಿಯಬೇಕೆಂದು ಕೆಲವು ದಿನ ಯೋಚಿಸಿದೆನು. ನಮ್ಮ ಶಾಸ್ತ್ರಗಳಲ್ಲಿ ಪ್ರಾಯಶ್ಚಿತ್ತಗಳಿಗೆ ಕೊರತೆಯಿಲ್ಲ. ಆದರೆ ನನ್ನ ಉಪವಾಸದಿಂದ ಆ ಹುಡುಗನಿಗೆ ಲಾಭವೇನು? ಆದುದರಿಂದ ಅವನನ್ನೇ ಹುಡುಕಿಕೊಂಡು ಹೋದೆನು. ಈಗ ಅವನು ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಸಣ್ಣ ಅಂಗಡಿಯನ್ನಿಟ್ಟುಕೊಂಡಿರುವನು, ಮಕ್ಕಳು ಓದುತ್ತಿರುವರು. ನಾನು ತಪ್ಪಾಯಿತೆಂದು ಹೇಳಿದಾಗ ಅವನು ಚಹ ತರಿಸಿ ಕುಡಿಸಿ, ಬಹಳ ಹೊತ್ತಿನ ಮೇಲೆ ಹೇಳಿದನು: “ಹೊಡದದ್ದು ಮರ್ತೀನ್ರಿ ಸರ. ಯಾಕ ತಡಾ ಆಯ್ತು ಅಂತ ಒಂದ್ ಸಲಾನೂ ಕೇಳಲಿಲ್ಲ ನೋಡ್ರಿ, ಅದು ಮರ್ತಿಲ್ಲ.”

ಆ ಮಾತೇ ನನಗೆ ಶಿಕ್ಷೆಯಾಯಿತು. ಪಾಠಶಾಲೆಯಲ್ಲಿ ಕಲಿತ ಅರ್ಥದಲ್ಲಿಯೂ ಆಯಿತು. ನಾನಾಗಿ ಯಾವ ವ್ರತವನ್ನು ಕಟ್ಟಿಕೊಂಡಿದ್ದರೂ ಇದು ಸಿಗುತ್ತಿರಲಿಲ್ಲ.

ವಾಡಿಯ ಮಿತ್ರರು ಮಂಚಕ್ಕೆ ಮರಳಿರುವರು. ಹೊರಗೆ ಹಾಕಿದ ಆ ರಾತ್ರಿಯನ್ನು ಅವರು ಮರೆತಿಲ್ಲ. ಮರೆಯಬೇಕೆಂದು ಯಾರೂ ಹೇಳಿಲ್ಲ. ಕುಡಿತದಿಂದ ಮನೆ ಬಿಟ್ಟ ಯಾರ ಮಗನಾದರೂ ನಿಲ್ದಾಣದ ಬಳಿ ಬಿದ್ದಿದ್ದರೆ, ಅವನನ್ನು ಎಬ್ಬಿಸಿ ಕರೆತಂದು, ಉಣ್ಣಿಸಿ, ಅವನ ಮನೆಗೆ ಸುದ್ದಿ ಮುಟ್ಟಿಸುವದು ಈಗ ಅವರ ರೂಢಿಯಾಗಿದೆ. ಹೋದ ವಾರ ನಾನು ಹೋದಾಗ ಅವರ ಮಂಚದ ಮೇಲೆ ಬೇರೊಬ್ಬರ ಮಗನು ಮಲಗಿದ್ದನು. ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಚ್ಚರವಿದ್ದರು.